ಉಳಿದ ಆಯುಷ್ಯದ ಲೆಕ್ಕ

ವಸ್ತುಗಳಲ್ಲಿ ಎರಡು ಬಗೆಯುಂಟು. ಕೆಲವು ಹಳತಾದಷ್ಟೂ ನಂಬಿಕೆಗೆ ಪಾತ್ರವಾಗುವವು; ಕೆಲವು ಕಪಾಟಿನಲ್ಲಿ ಸುಮ್ಮನೆ ಕುಳಿತಿದ್ದರೂ ಮುಪ್ಪನ್ನೈದುವವು. ಕುಂದಾಪುರ ಸೀಮೆಯ ಗೃಹಸ್ಥರಿಗೆ ಮೊದಲನೆಯ ಬಗೆಯ ಪರಿಚಯವು ಹಿರಿಯರಿಂದಲೇ ಬಂದುದು. ಹಳೆಯ ಮನೆಯೊಂದನ್ನು ಕೀಳುವಾಗ ಅದರ ಹಂಚುಗಳನ್ನೂ ಹಲಸಿನ ಮರದ ಬಾಗಿಲುಗಳನ್ನೂ ಅರ್ಧ ಬೆಲೆಗೆ ಕೊಂಡು ತಂದವನನ್ನು ಊರವರು ಜಾಣನೆಂದೇ ಹೇಳುವರು. ಐವತ್ತು ಮಳೆಗಾಲಗಳನ್ನು ಕಂಡ ಹಂಚು ಐವತ್ತೊಂದನೆಯದಕ್ಕೆ ಹೆದರುವುದಿಲ್ಲ. ಅಜ್ಜಿಯ ಕಾಲದ ಕಂಚಿನ ಪಾತ್ರೆಯು ಮೊಮ್ಮಗಳ ಮದುವೆಗೂ ಸಲ್ಲುವುದು. ಆದಕಾರಣ ಹಳತು ಅಗ್ಗವೂ ಹೌದು, ಗಟ್ಟಿಯೂ ಹೌದು ಎಂಬ ಬುದ್ಧಿಯು ಈ ನಾಡಿನಲ್ಲಿ ಬರಿಯ ಜಿಪುಣತನವಲ್ಲ. ಅದು ಅನುಭವದಿಂದ ದೊರೆತ ಪ್ರಮಾಣ. ಆದರೆ ಈ ಪ್ರಮಾಣವು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನು ಬ್ರಹ್ಮಾವರದ ಕಡೆಯ ಒಬ್ಬ ವೃದ್ಧ ಗೃಹಸ್ಥರು 2025ರ ಅಕ್ಟೋಬರ ತಿಂಗಳಿನಲ್ಲಿ ಒಂದು ಸ್ಮಾರ್ಟ್‌ಫೋನಿನ ನಿಮಿತ್ತವಾಗಿ ಕಲಿಯಬೇಕಾಯಿತು.

ಇವರು ಅಂಚೆಯ ಇಲಾಖೆಯಲ್ಲಿ ಸೇವೆ ಸಲ್ಲಿಸಿ, ಭಾರತದಲ್ಲಿ ತಂತಿಸಮಾಚಾರದ ವ್ಯವಸ್ಥೆಯು ಮುಗಿದ 2013ರಲ್ಲಿಯೇ ನಿವೃತ್ತರಾದವರು. ಅವರ ಫೋನು 2016ರಲ್ಲಿ ಮಗನು ಕೊಡಿಸಿದುದು. ಒಂಬತ್ತು ವರ್ಷಗಳಲ್ಲಿ ಅದು ಒಮ್ಮೆಯೂ ಕೈಜಾರಿ ಬಿದ್ದಿರಲಿಲ್ಲ. ಗಾಜಿನ ಮೇಲೆ ಗೀರಿಲ್ಲ, ಅಂಚಿನಲ್ಲಿ ಬಣ್ಣ ಹೋಗಿಲ್ಲ. ನೆಂಟರಿಷ್ಟರ ಮುಂದೆ ಅದನ್ನು ತೋರಿಸಿ, ವಸ್ತುವನ್ನು ಇಟ್ಟುಕೊಳ್ಳತಕ್ಕ ಕ್ರಮವಿದು ಎಂದು ಹೇಳುವುದರಲ್ಲಿ ಅವರಿಗೊಂದು ನಿರಪಾಯವಾದ ಹೆಮ್ಮೆಯಿತ್ತು. ಆ ವರ್ಷದ ಜೂನ್ ತಿಂಗಳಿನಲ್ಲಿ ಗೃಹಿಣಿಯವರು ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆಯನ್ನು ಮುರಿದುಕೊಂಡ ಮೇಲೆ, ಯಜಮಾನರು ಮನೆಯನ್ನು ಬಿಟ್ಟು ಅರ್ಧ ಗಳಿಗೆಯೂ ಹೊರಗಿರುವುದು ಕಷ್ಟವಾಯಿತು. ಅಂದಿನಿಂದ ಹೊರಗಿನ ಪ್ರಪಂಚವೆಲ್ಲವೂ ಆ ಫೋನಿನ ಮೂಲಕವೇ ಒಳಗೆ ಬರತೊಡಗಿತು. ಔಷಧದ ಅಂಗಡಿಯ ಹಣ, ವಿದ್ಯುತ್ತಿನ ಬಿಲ್ಲು, ಬೆಂಗಳೂರಿನ ಮಗನ ಮುಖದರ್ಶನ, ಬೈಂದೂರಿನಿಂದ ಘಟ್ಟದ ಕಡೆಗಿರುವ ಹಳ್ಳಿಯಲ್ಲಿನ ಅಕ್ಕನೊಡನೆ ಭಾನುವಾರದ ಮಾತು, ಎಲ್ಲಕ್ಕೂ ಅದೊಂದೇ ದ್ವಾರ.

ಹೀಗಿರಲಾಗಿ ಒಂದು ಬೆಳಿಗ್ಗೆ ಬ್ಯಾಂಕಿನ ಆ್ಯಪು, ಈ ಸಾಧನದಲ್ಲಿ ತಾನು ಇನ್ನು ಮುಂದೆ ನಡೆಯಲಾರೆನೆಂದು ನಾಲ್ಕು ಸಾಲು ಬರೆದು ಮೌನವಾಯಿತು. ಅದು ಹೇಗೂ ಸಹಿಸತಕ್ಕ ಸಂಗತಿ. ಆದರೆ ನವೆಂಬರ ತಿಂಗಳು ಸಮೀಪಿಸಿತ್ತು. ಕೇಂದ್ರ ಸರ್ಕಾರದ ಪಿಂಚಣಿದಾರರು ತಾವು ಬದುಕಿರುವೆವೆಂಬುದಕ್ಕೆ ವರ್ಷಕ್ಕೊಮ್ಮೆ ಪ್ರಮಾಣ ಕೊಡಬೇಕಾದ ತಿಂಗಳು ಅದು. ಈ ಪ್ರಮಾಣವನ್ನು ಬೆರಳಚ್ಚಿನಿಂದ ಕೊಡುವ ಜೀವನ್ ಪ್ರಮಾಣ್ ಎಂಬ ವ್ಯವಸ್ಥೆಯು 2014ರ ನವೆಂಬರಿನಲ್ಲಿ ಆರಂಭವಾಯಿತು. 2021ರ ನವೆಂಬರಿನಿಂದ ಸ್ವಂತ ಫೋನಿನ ಮುಂದೆ ಮುಖವನ್ನು ತೋರಿಸಿಯೂ ಕೊಡಬಹುದಾಯಿತು. ಹಿಂದೆ ಪ್ರತಿವರ್ಷವೂ ಕಚೇರಿಗೆ ನಡೆದುಹೋಗುತ್ತಿದ್ದವರು, ಈ ಸಲ ಮನೆಯಲ್ಲಿಯೇ ಮುಖ ತೋರಿಸೋಣವೆಂದು ಹೊರಟರೆ, ಒಂಬತ್ತು ವರ್ಷದ ಆ ಯಂತ್ರವು ಅದಕ್ಕೆ ಬೇಕಾದ ತಂತ್ರಾಂಶವನ್ನು ಸ್ವೀಕರಿಸಲೇ ಇಲ್ಲ. ಯಜಮಾನನು ಜೀವಂತನೆಂದು ಸಾಕ್ಷಿ ಹೇಳಬೇಕಾದ ಸೇವಕನು ತಾನೇ ವ್ಯವಹಾರಲೋಕದಿಂದ ತೀರಿಕೊಂಡಿದ್ದನು! ಅಂಚೆಯವನನ್ನು ಮನೆಗೆ ಕರೆಯಿಸಿ ಬೆರಳಚ್ಚು ಕೊಡುವ ದಾರಿಯುಂಟೆಂಬುದನ್ನು ಅಂಚೆಯವರೇ ಆದ ಅವರು ಅರಿಯದವರಲ್ಲ. ಆದರೆ ಬ್ಯಾಂಕಿನ ವ್ಯವಹಾರಕ್ಕೆ ದಿನದಿನವೂ ಅಂಚೆಯವನು ಬರುವನೆ? ಹೊಸ ಫೋನನ್ನು ಕೊಳ್ಳುವುದು ಅನಿವಾರ್ಯವಾಯಿತು.

ಅನಿವಾರ್ಯವಾದೊಡನೆ ಉಪದೇಶಕರು ಹೆಚ್ಚಿದರು. ಬೆಂಗಳೂರಿನ ಮಗನು, ಆ ವರ್ಷ ಹೊರಬಂದವುಗಳಲ್ಲೆಲ್ಲ ಉತ್ತಮವಾದುದನ್ನೇ, 84 ಸಾವಿರ ರೂಪಾಯಿಯದನ್ನು, ತಾನು ಕಳುಹಿಸುವೆನೆಂದನು. ಕುಂದಾಪುರದಲ್ಲಿರುವ ಭಾವಮೈದುನನು, ಇಷ್ಟು ಹಣವನ್ನು ಸುರಿಯುವುದು ಮರುಳತನ. ಒಬ್ಬರು ಬಳಸಿ ಬಿಟ್ಟ ನಾಲ್ಕು ವರ್ಷದ ಹಳೆಯ ಫೋನು, ಅದರ ಕಾಲದಲ್ಲಿ ದೊಡ್ಡ ಬೆಲೆಯದು, 8 ಸಾವಿರಕ್ಕೆ ದೊರೆಯುವುದೆಂದನು. ದಸರಾ ರಜೆಗೆಂದು ಬಂದಿದ್ದ ಮೊಮ್ಮಗಳು ಮಾತ್ರ ಯಾವ ಬೆಲೆಯನ್ನೂ ಹೇಳದೆ, ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಯೊಂದನ್ನು ಅಜ್ಜನಿಗೆ ಕಲಿಸಿಕೊಟ್ಟಳು: “ಇದಕ್ಕೆ ರಕ್ಷಣೆಯ ಪರಿಷ್ಕರಣಗಳು ಇನ್ನೆಷ್ಟು ವರ್ಷ ಬರುತ್ತವೆ?”

ಕಾಳಿದಾಸನ ಮಾಳವಿಕಾಗ್ನಿಮಿತ್ರ ನಾಟಕದ ಪ್ರಸ್ತಾವನೆಯಲ್ಲಿ ಹಳತು ಹೊಸತುಗಳ ಚರ್ಚೆಯೊಂದು ಬರುವುದನ್ನು ಸಂಸ್ಕೃತವನ್ನು ಓದಿದವರು ಬಲ್ಲರು. ಪ್ರಾಚೀನತೆಯಾಗಲಿ ನವೀನತೆಯಾಗಲಿ ತಾನಾಗಿ ಗುಣವಲ್ಲ, ಪರೀಕ್ಷಿಸಿಯೇ ಸ್ವೀಕರಿಸಬೇಕು ಎಂಬುದು ಅಲ್ಲಿಯ ನಿಲುವು. ಆದರೆ ಆ ಮಾತು ಕಾವ್ಯಕ್ಕೆ ಸಂಬಂಧಿಸಿದುದು. ಕಾವ್ಯವು ಕಾಲದಿಂದ ಸವೆಯುವುದಿಲ್ಲ. ನಿನ್ನೆ ಚೆನ್ನಾಗಿದ್ದುದು ಇಂದೂ ಚೆನ್ನಾಗಿಯೇ ಇರುವುದು. ಉಪಕರಣದ ಪರೀಕ್ಷೆಯಲ್ಲಾದರೋ ಇಂದಿನ ಗುಣವನ್ನು ನೋಡಿದರೆ ಸಾಲದು, ಉಳಿದ ಆಯುಷ್ಯವನ್ನೂ ನೋಡಬೇಕು. ಹಸುವನ್ನು ಕೊಳ್ಳಹೋದ ಹಿರಿಯರು ಬೆಲೆಯನ್ನು ಕೇಳುವ ಮೊದಲು, ಇದು ಎಷ್ಟನೆಯ ಸೂಲು ಎಂದು ಕೇಳುತ್ತಿದ್ದುದು ಇದಕ್ಕಾಗಿಯೇ. ಮೊಮ್ಮಗಳ ಪ್ರಶ್ನೆಯು ಹೊಸದಲ್ಲ. ಹಟ್ಟಿಯಿಂದ ಅಂಗಡಿಗೆ ಬಂದುದು, ಅಷ್ಟೆ.

ಅಜ್ಜಿಯ ಬಳಿಯಲ್ಲಿ ಮೊಮ್ಮಗಳನ್ನು ಕುಳ್ಳಿರಿಸಿ, ಯಜಮಾನರು ಬಸ್ಸನ್ನೇರಿ ಮಾಬುಕಳದ ಸೇತುವೆಯನ್ನು ದಾಟಿ, ಸಾಲಿಗ್ರಾಮ, ಕೋಟ, ತೆಕ್ಕಟ್ಟೆಗಳನ್ನು ಹಿಂದಕ್ಕೆ ಬಿಟ್ಟು ಕುಂದಾಪುರಕ್ಕೆ ಹೋದರು. ಭಾವಮೈದುನನು ಗೊತ್ತುಮಾಡಿದ್ದ ಅಂಗಡಿಯವನು ಪ್ರಾಮಾಣಿಕನಾಗಿದ್ದನು. ಹಳೆಯ ಫೋನನ್ನು ಮುಂದಿಟ್ಟು ಅದರ ಹೊಳಪನ್ನು ತೋರಿಸಿದನು. ಯಜಮಾನರು ಕಲಿತು ಬಂದ ಪ್ರಶ್ನೆಯನ್ನು ಕೇಳಲು, ಕ್ಷಣಕಾಲ ಅವರ ಮುಖವನ್ನು ನೋಡಿ, ಹೆಚ್ಚೆಂದರೆ ಒಂದು ವರ್ಷವೆಂದು ಒಪ್ಪಿಕೊಂಡನು.

ಈ ಪರಿಷ್ಕರಣವೆಂದರೇನು? ಮನೆಯ ಬೀಗದ ದೃಷ್ಟಾಂತದಿಂದ ಇದನ್ನು ತಿಳಿಯಬಹುದು. ಫೋನಿನ ತಂತ್ರಾಂಶದಲ್ಲಿ ಕಳ್ಳನು ನುಗ್ಗಬಹುದಾದ ಬಿರುಕುಗಳು ಕಾಲಕಾಲಕ್ಕೆ ಗೊತ್ತಾಗುತ್ತವೆ. ತಯಾರಕರು ಅವನ್ನು ಮುಚ್ಚುವ ತಿದ್ದುಪಡಿಯನ್ನು ಕಳುಹಿಸುತ್ತಾರೆ. ಬಿರುಕಿನ ವಿವರವನ್ನು ಲೋಕಕ್ಕೂ ಪ್ರಕಟಿಸುತ್ತಾರೆ. ತಿದ್ದುಪಡಿಯು ಯಾರಿಗೆ ಬರುವುದಿಲ್ಲವೋ ಅವರ ಬಾಗಿಲಿನ ಯಾವ ಹಲಗೆ ಸಡಿಲವೆಂಬುದು ಕಳ್ಳರಿಗೆಲ್ಲ ತಿಳಿದಂತಾಯಿತು. ಹೀಗಾಗಿ ಅವಧಿ ಮೀರಿದ ಫೋನು ಇದ್ದಂತೆಯೇ ಇರುವುದಿಲ್ಲ. ಒಂದು ಗೀರೂ ಬೀಳದೆ ತಿಂಗಳಿನಿಂದ ತಿಂಗಳಿಗೆ ದುರ್ಬಲವಾಗುತ್ತ ಹೋಗುವುದು. ಹಂಚಿಗೂ ಫೋನಿಗೂ ಇರುವ ಭೇದವಿದೇ. ಹಂಚಿನ ಶತ್ರು ಮಳೆ. ಅದು ವರ್ಷವರ್ಷವೂ ಒಂದೇ. ಫೋನಿನ ಶತ್ರು ಮನುಷ್ಯಬುದ್ಧಿ. ಅದು ದಿನದಿನಕ್ಕೆ ಕಲಿಯುತ್ತದೆ.

ಆಯುರ್ವೇದದಲ್ಲಿ ರೋಗಗಳನ್ನು ಸಾಧ್ಯ, ಯಾಪ್ಯ, ಅಸಾಧ್ಯಗಳೆಂದು ವಿಂಗಡಿಸುವರಷ್ಟೆ. ಹಳೆಯ ಫೋನಿನ ದೋಷಗಳನ್ನೂ ಹಾಗೆಯೇ ವಿಂಗಡಿಸಬಹುದು. ಬ್ಯಾಟರಿಯ ಕ್ಷಯವು ಸಾಧ್ಯ: ಲೀಥಿಯಂ ಬ್ಯಾಟರಿಗಳು ನೂರಾರು ಸಲ ತುಂಬಿ ಬರಿದಾದ ಮೇಲೆ ಐದರಲ್ಲೊಂದು ಪಾಲು ಶಕ್ತಿಯನ್ನು ಕಳೆದುಕೊಳ್ಳುವುದು ಸಹಜ, ಸೆಕೆಯು ಅದನ್ನು ಬೇಗನೆ ತರುವುದು, ಆದರೆ ಹೊಸತನ್ನು ಹಾಕಿಸಬಹುದು. ಒಡೆದ ಗಾಜೂ ಸಾಧ್ಯ. ನಿಧಾನಗತಿಯು ಯಾಪ್ಯ; ಬೇಡದ ಚಿತ್ರಗಳನ್ನೂ ಆ್ಯಪುಗಳನ್ನೂ ತೆಗೆದು ಪಥ್ಯದಲ್ಲಿಟ್ಟರೆ ಕಾಲಹರಣವಾಗುವುದು. ಪರಿಷ್ಕರಣದ ಅವಧಿ ತೀರಿದುದು ಮಾತ್ರ ಸಾಮಾನ್ಯ ಗೃಹಸ್ಥನ ಪಾಲಿಗೆ ಅಸಾಧ್ಯ. ಕೊಳ್ಳುವವನು ಮೊದಲು ನೋಡತಕ್ಕದ್ದು ಇದನ್ನು. ಕಣ್ಣಿಗೆ ಕಾಣುವ ಹೊಳಪನ್ನಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಗೂಗಲ್ ಸಂಸ್ಥೆಯು 2023ರ ಅಕ್ಟೋಬರಿನಲ್ಲಿ ಪಿಕ್ಸೆಲ್ 8ರೊಡನೆಯೂ, ಸ್ಯಾಮ್‌ಸಂಗ್ ಸಂಸ್ಥೆಯು 2024ರ ಜನವರಿಯಲ್ಲಿ ಗ್ಯಾಲಕ್ಸಿ ಎಸ್ 24ರೊಡನೆಯೂ ಏಳು ವರ್ಷಗಳ ಪರಿಷ್ಕರಣದ ವಾಗ್ದಾನವನ್ನು ಮಾಡಿದವು. ಇಂಥ ವಾಗ್ದಾನಗಳ ಎಣಿಕೆಯು ಸಾಮಾನ್ಯವಾಗಿ ಆ ಮಾದರಿಯು ಮಾರುಕಟ್ಟೆಗೆ ಬಂದಂದಿನಿಂದ. ಗಿರಾಕಿಯು ಕೊಂಡ ದಿನದಿಂದಲ್ಲ. ಮೂರು ವರ್ಷ ಅಂಗಡಿಯಲ್ಲಿದ್ದ ಫೋನಿನ ಪೆಟ್ಟಿಗೆಯನ್ನು ಇಂದು ಒಡೆದರೂ ಅದರ ಮೂರು ವರ್ಷ ಹೋಯಿತೆಂದೇ ತಿಳಿಯಬೇಕು. ಯೂರೋಪಿನ ಒಕ್ಕೂಟವು ಮಾತ್ರ 2025ರ ಜೂನ್ 20ರಿಂದ, ಒಂದು ಮಾದರಿಯ ಮಾರಾಟವು ನಿಂತ ಮೇಲೆ ಕನಿಷ್ಠ ಐದು ವರ್ಷ ಪರಿಷ್ಕರಣಗಳು ದೊರೆಯಬೇಕೆಂದು ನಿಯಮಿಸಿದೆ. ಅದು ಕಡೆಯಲ್ಲಿ ಕೊಂಡವನ ಪಕ್ಷವನ್ನು ವಹಿಸಿದ ನಿಯಮವೆನ್ನಬೇಕು.

ಯಜಮಾನರು ಅಂಗಡಿಯ ಬೆಂಚಿನಲ್ಲಿಯೇ ಕುಳಿತು, ಮನಿಯಾರ್ಡರಿನ ಕಾಲದ ಅಭ್ಯಾಸದಂತೆ, ಚೀಟಿಯ ಹಿಂದೆ ಲೆಕ್ಕ ಬರೆದರು. 8 ಸಾವಿರದ ಹಳತಿಗೆ ಉಳಿದುದು ಒಂದು ವರ್ಷ. ವರ್ಷಕ್ಕೆ 8 ಸಾವಿರ. ಮಗನು ಹೇಳಿದ 84 ಸಾವಿರದ ಹೊಸತಿಗೆ ಏಳು ವರ್ಷ. ವರ್ಷಕ್ಕೆ 12 ಸಾವಿರ. ಹಿಂದಿನ ವರ್ಷ ಹೊರಬಂದು ಆರು ವರ್ಷದ ವಾಗ್ದಾನವಿದ್ದ, ಬೆಲೆಯಿಳಿದು 17,500ಕ್ಕೆ ನಿಂತಿದ್ದ ಮಧ್ಯಮದ ಫೋನೊಂದಿತ್ತು. ಅದಕ್ಕೆ ಐದು ವರ್ಷ ಉಳಿದಿದ್ದುವು, ವರ್ಷಕ್ಕೆ 3,500. ಅಗ್ಗವೆಂದು ತೋರಿದುದು ಮಧ್ಯಮದ ಎರಡರಷ್ಟಕ್ಕಿಂತಲೂ ದುಬಾರಿಯಾಗಿತ್ತು!

ಹಾಗೆಂದು ಬಳಸಿದ ಫೋನುಗಳೆಲ್ಲವೂ ತ್ಯಾಜ್ಯವೆಂದಲ್ಲ. ಒಂದೆರಡು ವರ್ಷ ಮಾತ್ರ ಬಳಸಿದ, ದೀರ್ಘವಾದ ವಾಗ್ದಾನವುಳ್ಳ ಫೋನು ಬಡವಿದ್ಯಾರ್ಥಿಗೆ ವರವೇ ಆಗಬಹುದು. ಆದರೆ ಅದು ಕದ್ದ ಮಾಲಲ್ಲವೆಂದು ನಿಶ್ಚಯಿಸಿಕೊಳ್ಳಬೇಕು. *#06# ಎಂದು ಒತ್ತಿದರೆ ಕಾಣುವ 15 ಅಂಕೆಗಳ ಸಂಖ್ಯೆಯನ್ನು, ಭಾರತ ಸರ್ಕಾರವು 2023ರ ಮೇ ತಿಂಗಳಿನಲ್ಲಿ ಆರಂಭಿಸಿದ ಸಂಚಾರ್ ಸಾಥಿಯಲ್ಲಿ ಪರೀಕ್ಷಿಸಬಹುದು. ಅತಿ ಹೊಸತಿನಲ್ಲಿಯೂ ದೋಷವಿಲ್ಲ. ಛಾಯಾಚಿತ್ರವೇ ವೃತ್ತಿಯಾದವನಿಗೆ ಅದರ ಕ್ಯಾಮರವು ಅನ್ನವನ್ನು ಕೊಡುವುದು. ಔಷಧದ ಹಣವನ್ನು ಕೊಟ್ಟು, ಅಕ್ಕನೊಡನೆ ಮಾತಾಡುವವರಿಗೆ ಅದರ ಮುಕ್ಕಾಲು ಪಾಲು ಸಾಮರ್ಥ್ಯವು ಬಳಸದ ಉಪ್ಪರಿಗೆಯಂತೆ ಮುಚ್ಚಿಕೊಂಡೇ ಇರುವುದು.

ಲೆಕ್ಕವು ಮುಗಿದರೂ ಮಾತು ಮುಗಿಯಲಿಲ್ಲ. ಅಂದು ರಾತ್ರಿ ಮಗನಿಗೆ ವಿಷಯವನ್ನು ತಿಳಿಸಲು ಅವನು ನೊಂದುಕೊಂಡನು. ತಾಯಿ ಮಲಗಿದ ನಾಲ್ಕು ತಿಂಗಳುಗಳಲ್ಲಿ ಅವನು ಊರಿಗೆ ಬಂದುದು ಒಮ್ಮೆ, ಎರಡೇ ದಿನಗಳ ಮಟ್ಟಿಗೆ. ಬರಲಾರದ ಸಂಕಟವನ್ನೆಲ್ಲ ಆ 84 ಸಾವಿರದಲ್ಲಿ ಕಟ್ಟಿ ಕಳುಹಿಸಲು ಅವನು ಎಣಿಸಿದ್ದನು. ಏಳು ವರ್ಷ ನಿಶ್ಚಿಂತೆಯಾಗಿರಬಹುದಲ್ಲವೆ ಎಂದು ಕೇಳಿದನು. ಯಂತ್ರಕ್ಕೆ ಏಳು ವರ್ಷ ಸರಿ, ಎಪ್ಪತ್ತೆರಡು ತುಂಬಿದವನಿಗೆ ಎಷ್ಟೆಂದು ವಾಗ್ದಾನ ಮಾಡಿದವರಾರು ಎಂದು ತಂದೆಯವರು ನಕ್ಕರು. ಮಗನು ನಗಲಿಲ್ಲ. ಹಾಸಿಗೆಯಲ್ಲಿದ್ದ ಗೃಹಿಣಿಯವರು ಆಗ ಫೋನನ್ನು ಕೈಗೆ ತೆಗೆದುಕೊಂಡು, “ಉಳಿದ ದುಡ್ಡಿನಲ್ಲಿ ಪಂಚಗಂಗಾ ರೈಲಿಗೆ ಚೀಟಿ ಮಾಡಿಸು. ಉಡುಪಿಯಲ್ಲಿಳಿದರೆ ಅರ್ಧ ಗಂಟೆಯ ದಾರಿ. ನಿನ್ನ ಮುಖವನ್ನು ಎಷ್ಟು ದೊಡ್ಡ ಗಾಜಿನಲ್ಲಿ ನೋಡಿದರೂ ಗಾಜೇ” ಎಂದರು. ಆ ಕಡೆಯಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ. ದೀಪಾವಳಿಗೆ ಅವನು ಬಂದು ಆರು ದಿನವಿದ್ದನು.

ನವೆಂಬರಿನ ಮೊದಲ ವಾರದಲ್ಲಿ ಯಜಮಾನರು ಸ್ನಾನಮಾಡಿ, ಶುಭ್ರವಾದ ಅಂಗಿಯನ್ನು ತೊಟ್ಟು, ಕಿಟಕಿಯ ಬೆಳಕಿಗೆ ಮುಖಮಾಡಿ ಹೊಸ ಫೋನಿನ ಮುಂದೆ ಕುಳಿತರು. ಕಣ್ಣು ಮಿಟುಕಿಸಬೇಕೆಂದು ಅದು ಸೂಚಿಸಿತು, ಮಿಟುಕಿಸಿದರು. ಯಂತ್ರವು ಒಪ್ಪಿತೋ ಎಂದು ಒಳಗಿನಿಂದ ಪ್ರಶ್ನೆ ಬಂದಿತು. ಒಪ್ಪಿತೆಂದು ಇವರು ಉತ್ತರಕೊಟ್ಟರು.

ಒಂಬತ್ತು ವರ್ಷದ ಹಳೆಯ ಸೇವಕನನ್ನು ತಿಪ್ಪೆಗೆ ಎಸೆಯಲು ಅವರಿಗೆ ಮನಸ್ಸು ಬರಲಿಲ್ಲ. ಮೊಮ್ಮಗಳು ಅದರಲ್ಲಿದ್ದ ಬ್ಯಾಂಕಿನ ಗುರುತುಗಳನ್ನೂ ಖಾತೆಗಳನ್ನೂ ಸಂಪೂರ್ಣವಾಗಿ ಅಳಿಸಿ, ಸಿಮ್ಮನ್ನು ತೆಗೆದು, ತಾಳಮದ್ದಳೆಯ ಧ್ವನಿಮುದ್ರಣಗಳನ್ನು ತುಂಬಿಕೊಟ್ಟಳು. ಕಾಯಲು ಹಣವೂ ಇಲ್ಲ, ಒಳನುಗ್ಗಲು ಹಾದಿಯೂ ಇಲ್ಲ. ಇದು ಅದಕ್ಕೆ ವಾನಪ್ರಸ್ಥ. ಈಗ ಅದು ಬೈಂದೂರಿನ ಆಚೆ, ಸಂಕೇತವು ಸರಿಯಾಗಿ ಸಿಕ್ಕದ ಹಳ್ಳಿಯಲ್ಲಿ ಅಕ್ಕನ ತಲೆದೆಸೆಯಲ್ಲಿರುವುದು. ಇದು ಹಳತು, ಹೊಸತೊಂದನ್ನು ತರಬಹುದಾಗಿತ್ತು ಎಂದು ತಮ್ಮನವರು ಸಂಕೋಚದಿಂದ ಹೇಳಿದಾಗ ಆ ವೃದ್ಧೆಯು, “ಹಳ್ದಾರೆ ಎಂತ? ಅರ್ಥ ಹೇಳುದ್ ಕೇಂತಿತ್ತಲ, ಸಾಕ್” ಎಂದಳು. ಬ್ಯಾಂಕಿಗೆ ಸಲ್ಲದುದು ಅಲ್ಲಿ ಸಂದಿತು.