ಕರಿನೀರಿನಾಚೆ ಒಂದು ಹುಣ್ಣಿಮೆ

“ಸಮುದ್ರ ದಾಟಿದವರಿಗೆ ಪ್ರಾಯಶ್ಚಿತ್ತವುಂಟು, ತಿಳಿದಿದೆಯೇನಮ್ಮ?”

ಎಂಬತ್ತೆಂಟು ವರ್ಷದ ಅತ್ತೆಯವರು ಜಪಸರವನ್ನು ಕೆಳಗಿಡದೆಯೇ ಈ ಪ್ರಶ್ನೆ ಹಾಕಿದಾಗ, ಅರವತ್ತೆರಡು ದಾಟಿದ ಅವರ ಸೊಸೆ ಶಾಲೆಯ ಹುಡುಗಿಯಂತೆ ತಲೆ ತಗ್ಗಿಸಿ ನಿಂತರಂತೆ. ನಮ್ಮ ನಾಲ್ವರ ಕೂಟದಲ್ಲಿ ಅವರೇ ಹಿರಿಯರು, ನಮಗೆಲ್ಲ ‘ಅಕ್ಕ’. ಉಳಿದವರಲ್ಲಿ ಒಬ್ಬರು ನಿವೃತ್ತ ಶಿಕ್ಷಕಿ, ಇನ್ನೊಬ್ಬಾಕೆ ತವರನ್ನು ಬಿಟ್ಟರೆ ಒಂದು ರಾತ್ರಿಯನ್ನೂ ಗಂಡನ ಮನೆಯ ಹೊರಗೆ ಕಳೆದರಿಯದ ಗೃಹಿಣಿ, ನಾಲ್ಕನೆಯವಳು ನಾನು. ಮೈಸೂರಿನ ಅಗ್ರಹಾರದಲ್ಲಿ ಶುಕ್ರವಾರದ ಲಲಿತಾ ಸಹಸ್ರನಾಮಕ್ಕೆಂದು ಮೂವತ್ತು ವರ್ಷಗಳಿಂದ ಸೇರುತ್ತಿದ್ದ ನಾವು, ಗಂಡಸರ ಜೊತೆಯಿಲ್ಲದೆ ಅಂಡಮಾನಿಗೆ ಹೋಗಿಬರುವುದೆಂದು ನಿಶ್ಚಯಿಸಿದ್ದೇ ಈ ಪ್ರಶ್ನೆಗೆ ಕಾರಣವಾಗಿತ್ತು.

ಅತ್ತೆಯವರ ಮಾತು ಆಧಾರವಿಲ್ಲದ್ದೇನೂ ಅಲ್ಲ. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪಾತಕಗಳ ಸಾಲಿನಲ್ಲಿ ಸೇರಿಸಿದೆ. ಪರ್ವಕಾಲದಲ್ಲಲ್ಲದೆ ಕಡಲನ್ನು ಮುಟ್ಟಬಾರದೆಂದು ನಮ್ಮ ಮನೆಗಳಲ್ಲಿ ಇಂದಿಗೂ ಹೇಳುವುದುಂಟು. ಅಕ್ಕ ಎರಡು ದಿನ ಪಂಚಾಂಗವನ್ನು ತಿರುವಿಹಾಕಿ, ಮೂರನೆಯ ದಿನ, “ಮಾಘದ ಹುಣ್ಣಿಮೆಗೆ ಸಮುದ್ರಸ್ನಾನ ಮಾಡಿಕೊಂಡು ಬರುತ್ತೇನೆ, ಅತ್ತೆ” ಎಂದರು. ಅತ್ತೆಯವರು ಏನನ್ನೂ ಹೇಳಲಿಲ್ಲ. ಜಪಸರದಲ್ಲಿ ಒಂದು ಮಣಿ ಮುಂದೆ ಸರಿಯಿತು. ಅದನ್ನೇ ಒಪ್ಪಿಗೆಯೆಂದು ತಿಳಿದು ಟಿಕೆಟ್ಟು ಕೊಂಡೆವು.

ಚೆನ್ನೈಯಿಂದ ಆಚೆಗೆ ಸುಮಾರು ೧,೩೬೦ ಕಿಲೋಮೀಟರುಗಳ ಕಡಲು. ಹಡಗಿಗೆ ಎರಡು ಮೂರು ದಿನ ಹಿಡಿಯುವ ಈ ದಾರಿಯನ್ನು ವಿಮಾನವು ಎರಡು ಚಿಲ್ಲರೆ ಗಂಟೆಗಳಲ್ಲಿ ಮುಗಿಸಿತು. ಕಿಟಕಿಯಿಂದ ಕೆಳಗೆ ನೋಡುತ್ತಿದ್ದ ಅಕ್ಕ, “ಕರಿನೀರು ಎನ್ನುತ್ತಾರೆ, ಇದು ನೀಲಿಯಾಗಿದೆಯಲ್ಲೇ!” ಎಂದು ನನ್ನ ತೋಳು ಹಿಡಿದರು.

ಕರಿನೀರೆಂಬ ಹೆಸರಿನ ಅರ್ಥ ನಮಗೆ ತಿಳಿದದ್ದು ೨೦೨೪ರವರೆಗೆ ಪೋರ್ಟ್ ಬ್ಲೇರ್ ಎಂದು ಕರೆಸಿಕೊಳ್ಳುತ್ತಿದ್ದ ಶ್ರೀ ವಿಜಯಪುರಂನಲ್ಲಿ, ಸೆಲ್ಯುಲರ್ ಜೈಲಿನ ಮುಂದೆ ನಿಂತಾಗ. ೧೮೯೬ರಲ್ಲಿ ಪ್ರಾರಂಭವಾಗಿ ೧೯೦೬ರಲ್ಲಿ ಮುಗಿದ ಈ ಕಟ್ಟಡದಲ್ಲಿ, ನಡುವಣ ಗೋಪುರದಿಂದ ಸೈಕಲ್ ಚಕ್ರದ ಕಡ್ಡಿಗಳಂತೆ ಹೊರಟ ಏಳು ಸಾಲುಗಳಿದ್ದವು. ಈಗ ಉಳಿದಿರುವುವು ಮೂರು. ಒಂದು ಸಾಲಿನ ಬಾಗಿಲುಗಳು ಮತ್ತೊಂದು ಸಾಲಿನ ಬೆನ್ನನ್ನು ನೋಡುವಂತೆ ಕಟ್ಟಿದ್ದರಿಂದ, ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣಿಸುತ್ತಿರಲಿಲ್ಲ. ನಾವು ಒಬ್ಬೊಬ್ಬರಾಗಿ ಒಂದು ಕೋಣೆಯ ಒಳಹೊಕ್ಕು ಮಾತಿಲ್ಲದೆ ಹೊರಬಂದೆವು.

ಅಂಗಳದ ಬೆಂಚಿನ ಮೇಲೆ ಕುಳಿತಾಗ ಶಿಕ್ಷಕಿ ಇನ್ನೊಂದು ಸಂಗತಿಯನ್ನು ತಿಳಿಸಿದರು. ಈ ಜೈಲು ಏಳುವುದಕ್ಕೆ ಬಹಳ ಮೊದಲೇ, ೧೮೫೮ರಲ್ಲಿ, ಇಲ್ಲಿ ಕೈದಿಗಳ ವಸಾಹತು ಆರಂಭವಾಯಿತು. ಮುಂದೆ ಹೆಂಗಸರನ್ನೂ ಗಡೀಪಾರು ಮಾಡಿ ಕರೆತಂದರು. ಶಿಕ್ಷೆಯಲ್ಲಿ ಕೆಲವು ವರ್ಷಗಳನ್ನು ಕಳೆದವರು ಇಲ್ಲಿಯ ಕೈದಿಗಳನ್ನೇ ಮದುವೆಯಾಗಿ ಸಂಸಾರ ಹೂಡಬಹುದಾಗಿತ್ತು. ಅಂಥವರ ಸಂತತಿಯನ್ನು ಇಲ್ಲಿ ‘ಲೋಕಲ್ ಬಾರ್ನ್’ ಎಂದು ಕರೆಯುತ್ತಾರೆ. ಅಕ್ಕ ಬಹಳ ಹೊತ್ತು ಸುಮ್ಮನಿದ್ದು, “ಪಾಪ, ಅವರಿಗೆ ಪ್ರಾಯಶ್ಚಿತ್ತ ಹೇಳುವುದಕ್ಕಾದರೂ ಮನೆಯಲ್ಲಿ ಯಾರು ಕಾದಿದ್ದರು?” ಎಂದರು.

ಮರುದಿನ ದೋಣಿಯೇರಿ ಸ್ವರಾಜ್ ದ್ವೀಪಕ್ಕೆ ಹೊರಟೆವು. ೨೦೧೮ರವರೆಗೆ ಇದರ ಹೆಸರು ಹ್ಯಾವ್‌ಲಾಕ್. ದಾರಿಯಲ್ಲಿ ಕಡಲು ತುಸು ಒರಟಾಗಿ, ಗೃಹಿಣಿ ಗೆಳತಿಯ ಮುಖ ಬಾಡಿತು. ನಿಂಬೆಯ ಉಪ್ಪಿನಕಾಯಿಯೇ ಔಷಧವಾಯಿತು. ಆದರೆ ದ್ವೀಪದ ಊರುಗಳ ಹೆಸರು ಕೇಳುತ್ತಲೇ ಎಲ್ಲರ ಮುಖಗಳೂ ಅರಳಿದವು: ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ! “ಸಹಸ್ರನಾಮ ಬಿಟ್ಟು ಬಂದೆವೆಂದುಕೊಂಡರೆ ಹೆಸರುಗಳು ನಮಗಿಂತ ಮೊದಲೇ ಬಂದಿವೆ” ಎಂದರು ಅಕ್ಕ.

ಆ ಹೆಸರುಗಳು ಬಂದ ಬಗೆ ಮಾತ್ರ ಸುಖದ್ದಲ್ಲ. ದೇಶ ವಿಭಜನೆಯಾದ ಮೇಲೆ ಪೂರ್ವ ಬಂಗಾಳದಲ್ಲಿ ಮನೆಮಠ ಕಳೆದುಕೊಂಡ ಕುಟುಂಬಗಳಿಗೆ ಸರ್ಕಾರ ಇಲ್ಲಿ ಭೂಮಿ ಕೊಟ್ಟಿತು. ರಾಧಾನಗರದಲ್ಲಿ ನಮಗೆ ಚಹಾ ಕೊಟ್ಟ ಹೆಂಗಸು ಅಂಥ ಮನೆತನದವಳು. ಅವಳ ಅಜ್ಜಿ ಕಂಕುಳಲ್ಲೊಂದು ಕೂಸನ್ನೆತ್ತಿಕೊಂಡು ಹಡಗಿನಿಂದಿಳಿದಾಗ ಎದುರಿಗಿದ್ದುದು ಕಾಡೊಂದೇ ಅಂತೆ. ನಮ್ಮ ಮುರುಕು ಹಿಂದಿಯಲ್ಲಿ, ಅವಳ ಬಂಗಾಳಿ ಬೆರೆತ ಹಿಂದಿಯಲ್ಲಿ, ಮಾತು ಸಾಕಷ್ಟು ನಡೆಯಿತು. ನಾವು ಕೊಟ್ಟ ಕೋಡುಬಳೆಯನ್ನು ಆಕೆ ಮಕ್ಕಳಿಗೆಂದು ಸೆರಗಿನಲ್ಲಿ ಕಟ್ಟಿಕೊಂಡಳು. ಗಂಡಸರು ಯಾರೂ ಜೊತೆಗಿಲ್ಲವೆಂದು ತಿಳಿದಾಗ ಮಾತ್ರ ಆಶ್ಚರ್ಯಪಟ್ಟು, “ಸುಮ್ಮನೆ ನೋಡುವುದಕ್ಕೆ ಬಂದಿರಾ?” ಎಂದು ಎರಡು ಸಲ ಕೇಳಿದಳು.

ಗಂಡಸರು ಜೊತೆಗಿಲ್ಲದಿದ್ದರೇನು? ೨೦೨೦ರಲ್ಲಿ ಚೆನ್ನೈಯಿಂದ ಈ ದ್ವೀಪಗಳಿಗೆ ಕಡಲ ತಳದಲ್ಲಿ ಸುಮಾರು ೨,೩೦೦ ಕಿಲೋಮೀಟರುಗಳ ತಂತಿ ಎಳೆದಿದ್ದಾರೆ. ಅಷ್ಟು ದೊಡ್ಡ ಸಾಹಸದ ಫಲವಾಗಿ, ಇಂಗಿನ ಡಬ್ಬಿ ಯಾವ ಗೂಡಿನಲ್ಲಿದೆಯೆಂಬ ಪ್ರಶ್ನೆ ಮೈಸೂರಿನಿಂದ ದಿನಕ್ಕೆ ಮೂರು ಸಲ ಬರುತ್ತಿತ್ತು!

ಆ ಸಂಜೆಯ ಸೊಬಗನ್ನು ಹೇಗೆ ಹೇಳಲಿ? ಹಿಂದೆ ದೈತ್ಯಾಕಾರದ ಮರಗಳು. ಮುಂದೆ ಎರಡು ಕಿಲೋಮೀಟರುಗಳ ಬಿಳಿಯ ಮರಳು. ಅದರಾಚೆ ಹಸಿರು ತಿರುಗಿ ನೀಲಿಯಾಗುವ ನೀರು. ಮೈಸೂರೂ ಈ ದ್ವೀಪವೂ ಹೆಚ್ಚುಕಡಮೆ ಒಂದೇ ಅಕ್ಷಾಂಶದಲ್ಲಿವೆ. ಆದರೆ ಪೂರ್ವಕ್ಕೆ ಬಹಳ ದೂರವಿರುವುದರಿಂದ ಸೂರ್ಯ ಇಲ್ಲಿ ಒಂದು ಗಂಟೆಗೂ ಹೆಚ್ಚು ಮೊದಲೇ ಮುಳುಗುತ್ತಾನೆ. ಐದೂವರೆಗೆಲ್ಲ ಕತ್ತಲು ಕವಿಯತೊಡಗಿದಾಗ ಗೃಹಿಣಿ ಗೆಳತಿ ಧಡಕ್ಕನೆ ಎದ್ದು, “ಅಯ್ಯೋ, ದೀಪ ಹಚ್ಚಲಿಲ್ಲ!” ಎಂದಳು. ಯಾವ ಮನೆಯಲ್ಲಿ ಹಚ್ಚಬೇಕು? ಒಂದು ಕ್ಷಣ ನಿಂತು, ತಾನೇ ನಕ್ಕು, ಮತ್ತೆ ಮರಳಿನ ಮೇಲೆ ಕುಳಿತಳು. ಸೊಸೆಯಾಗಿ ಬಂದ ಮೇಲೆ ಮುಸ್ಸಂಜೆಯನ್ನು ಕುಳಿತು ನೋಡಿದ್ದು ಅದೇ ಮೊದಲೆಂದು ಆಮೇಲೆ ಹೇಳಿದಳು.

ಬೆಳಗಾದರೆ ಹುಣ್ಣಿಮೆ. ತೀರದಲ್ಲಿ ಮೊಸಳೆಯ ಎಚ್ಚರಿಕೆಯ ಫಲಕವನ್ನು ಓದಿ, ಕಾವಲಿನವರು ತೋರಿಸಿದ ಜಾಗದಲ್ಲೇ ಇಳಿದೆವು. ಅಕ್ಕ ನೂಲಿನ ಸೀರೆಯ ನೆರಿಗೆ ಎತ್ತಿ ಕಟ್ಟಿ, ಮೊಣಕಾಲುದ್ದದ ನೀರಿನಲ್ಲಿ ಸಂಕಲ್ಪಕ್ಕೆ ನಿಂತರು. ರಾಧಾನಗರದ ಕಡಲು ಇರುವುದು ಪಶ್ಚಿಮಕ್ಕೆ. ಸೂರ್ಯನೇಳುವುದು ಕಾಡಿನ ಹಿಂದೆ. ಆದ್ದರಿಂದ ಸೂರ್ಯನಿಗೆ ಮುಖ ಮಾಡಿದವರ ಬೆನ್ನು ಸಮುದ್ರಕ್ಕೆ. ಯಜಮಾನರ ಆಯುಸ್ಸು, ಮಕ್ಕಳು, ಮೊಮ್ಮಕ್ಕಳು ಎಂದು ಅಕ್ಕ ಒಂದೊಂದೇ ಹೆಸರು ಹೇಳುತ್ತಿರುವಾಗ, ಹಿಂದಿನಿಂದ ಬಂದ ಅಲೆಯೊಂದು ಅವರನ್ನು ಅನಾಮತ್ತಾಗಿ ಕೆಡವಿತು!

ನಾವು ಗಾಬರಿಯಿಂದ ಓಡಿದೆವು. ಅಕ್ಕ ನೀರಿನಲ್ಲಿ ಕುಳಿತೇ ನಗುತ್ತಿದ್ದರು. ಮೂವತ್ತು ವರ್ಷಗಳಲ್ಲಿ ನಾನು ಆ ನಗುವನ್ನು ಕೇಳಿರಲಿಲ್ಲ. ಎಬ್ಬಿಸಹೋದ ಶಿಕ್ಷಕಿಯನ್ನೂ ಎಳೆದು ಬೀಳಿಸಿದರು. ಒಂದು ಗಂಟೆ ಯಾರೂ ಮೇಲೆ ಬರಲಿಲ್ಲ.

ಸೀರೆ ಹಿಂಡುವಾಗ ಅವರ ಮುಖ ಸಣ್ಣಗಾಯಿತು. “ಸಂಕಲ್ಪ ಅರ್ಧಕ್ಕೇ ನಿಂತಿತಲ್ಲೇ. ಸಂಕಲ್ಪವಿಲ್ಲದ ಸ್ನಾನ ಬರಿಯ ಆಟ. ಅತ್ತೆಗೆ ಏನು ಹೇಳಲಿ?” ಪೂರ್ತಿಯಾಯಿತೆಂದು ಹೇಳಿಬಿಡಿ ಎಂದು ನಾವೆಲ್ಲ ಬುದ್ಧಿ ಹೇಳಿದೆವು. ಆ ಮನೆಯಲ್ಲಿ ನಲವತ್ತು ವರ್ಷ ಬಾಳಿದ ಸೊಸೆ ಅದಕ್ಕೆ ಒಪ್ಪಲಿಲ್ಲ.

ಊರಿಗೆ ಬಂದ ದಿನ ಧೈರ್ಯಕ್ಕೆಂದು ನಾನೂ ಜೊತೆಗೆ ಹೋಗಿದ್ದೆ. ಅಕ್ಕ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದರು: ಅಲೆ, ಬಿದ್ದದ್ದು, ನಕ್ಕದ್ದು. ಅತ್ತೆಯವರು ಕೇಳಿ ಮುಗಿಸಿ, “ಅಷ್ಟು ನಕ್ಕೆಯಾ?” ಎಂದರು. ಆಮೇಲೆ ಸ್ವಲ್ಪ ತಡೆದು, “ನೀರು ಬೆಚ್ಚಗಿತ್ತೇ?” ಎಂದು ಕೇಳಿದರು.

“ಬೆಚ್ಚಗಿತ್ತು, ಅತ್ತೆ.”

ಪೆಟ್ಟಿಗೆಯಿಂದ ತೆಗೆದ ಸೀರೆಯ ಅಂಚಿನಲ್ಲಿ ಇನ್ನೂ ಮರಳಿತ್ತು. ಅತ್ತೆಯವರು ಅದನ್ನು ಕೈಗೆ ತೆಗೆದುಕೊಂಡು, ಮೆಲ್ಲನೆ ಹಿತ್ತಿಲಿಗೆ ನಡೆದು, ತುಳಸಿಯ ಬುಡದಲ್ಲಿ ಕೊಡವಿದರು. ಪ್ರಾಯಶ್ಚಿತ್ತದ ಮಾತು ಮತ್ತೆ ಬರಲಿಲ್ಲ.