ಅಗ್ಗದ ಬೋಗಿಗೆ ಹಿತ್ತಾಳೆಯ ಹಿಡಿಕೆ

ಹಳೆಯ ಮಾದರಿ ರೈಲುಗಳನ್ನು ಮಾರುವ ಕಡೆ ನನ್ನ ಕಣ್ಣು ಮೊದಲು ಹೋಗುವುದು ಮೇಜಿನ ಕೆಳಗಿಟ್ಟ ರಟ್ಟಿನ ಪೆಟ್ಟಿಗೆಯತ್ತ. ಅದರಲ್ಲಿ ಇಟಲಿಯ ರಿವರೊಸ್ಸಿ ಕಂಪನಿ ಮಾಡಿದ ಅಮೆರಿಕದ ಪುಲ್‌ಮನ್ ಕಂಪನಿಯ ಸ್ಲೀಪರ್ ಬೋಗಿಯ ಮಾದರಿ ಸಿಕ್ಕರೆ ಆ ದಿನ ಹಬ್ಬ. ಎಚ್‌ಒ ಅಳತೆ, ಅಂದರೆ ನಿಜವಾದ ಬೋಗಿಯ 87ನೇ ಒಂದು ಪಾಲು. ಉದ್ದ ಸುಮಾರು 28 ಸೆಂಟಿಮೀಟರ್. ಬೆಲೆ ಕಡಿಮೆ, ಮೈಕಟ್ಟು ಮಾತ್ರ ಸೊಗಸು: ರಿವೆಟ್ಟುಗಳ ಸಾಲು, ಜೋಡಿ ಜೋಡಿ ಕಿಟಕಿಗಳು. ಕೊರತೆಯೆಲ್ಲ ಸಣ್ಣ ವಿವರಗಳಲ್ಲಿ. ಅವನ್ನು ತುಂಬುವ ಕೆಲಸ ನನ್ನ ಪಾಲಿಗೆ ಉಳಿದಿದೆಯಲ್ಲ, ಅದೇ ನನಗೆ ಸಂತೋಷ.

ಅಂಚು ದಪ್ಪಗಿರುವ ಹಳೆಯ ಚಕ್ರಗಳನ್ನು ತೆಗೆದು ಲೋಹದವನ್ನು ಹಾಕುತ್ತೇನೆ. ಚಕ್ರದ ಚೌಕಟ್ಟಿಗೆ ಅಂಟಿದ್ದ ಕೊಂಡಿಯನ್ನು ಬೋಗಿಯ ತಳಕ್ಕೇ ಕೂರಿಸಿದರೆ ಬೋಗಿ ಬೋಗಿಯ ನಡುವಿನ ಅಂತರ ತಗ್ಗಿ, ರೈಲು ರೈಲಿನಂತೆ ಕಾಣುತ್ತದೆ. ಹಳಿಯ ತಿರುವು ಮಾತ್ರ ವಿಶಾಲವಾಗಿರಬೇಕು.

ಇನ್ನು ಬಾಗಿಲ ಪಕ್ಕದ ಹಿಡಿಕೆಗಳು. ಅಚ್ಚಿನಲ್ಲೇ ಉಬ್ಬಿ ಬಂದ ಪ್ಲಾಸ್ಟಿಕ್ ಗೆರೆಯನ್ನು ಉಳಿಯಂಥ ಬ್ಲೇಡಿನಿಂದ ಮೆಲ್ಲನೆ ಹೆರೆದು, ಅದರ ಎರಡು ತುದಿಗಳಲ್ಲಿ ಕೈ ಡ್ರಿಲ್ಲಿನಿಂದ ಕೂದಲೆಳೆಯಂಥ ತೂತು ಕೊರೆಯಬೇಕು. 0.3 ಮಿಲಿಮೀಟರಿನ ಹಿತ್ತಾಳೆ ತಂತಿಯನ್ನು ಇಕ್ಕುಳದಲ್ಲಿ ಬಗ್ಗಿಸಿ, ತೂತಿಗೆ ತೂರಿಸಿ, ಒಳಗಿನಿಂದ ಒಂದು ಹನಿ ಅಂಟು. ಗೋಡೆಗೂ ತಂತಿಗೂ ನಡುವೆ ಬೆಳಕು ಹಾಯಬೇಕು. ಹಾಯ್ದ ಕ್ಷಣ ಆಟಿಕೆ ಹೋಗಿ ಬೋಗಿಯಾಗುತ್ತದೆ.

ಛಾವಣಿಯಲ್ಲಿ ಕಾಲವೇ ಅಡಗಿದೆ. ಬಾಲ್ಟಿಮೋರ್ ಅಂಡ್ ಒಹಾಯೊ ರೈಲ್ವೆ ಇಡೀ ರೈಲಿಗೆ ಹವಾನಿಯಂತ್ರಣ ಅಳವಡಿಸಿ 'ಕೊಲಂಬಿಯನ್' ಓಡಿಸಿದ್ದು 1931ರಲ್ಲಿ. ಅದರ ಬೆನ್ನಿಗೇ ಹಳೆಯ ಪುಲ್‌ಮನ್‌ಗಳ ತಲೆಯ ಮೇಲೂ ಗಾಳಿಕೊಳವೆಗಳು ಬಂದವು. ಛಾವಣಿಯ ಅಂಚಿಗೆ ಒಂದು ಪ್ಲಾಸ್ಟಿಕ್ ಪಟ್ಟಿ ಅಂಟಿಸಿದರೆ ಸಾಕು, ನನ್ನ ಬೋಗಿ 20ರ ದಶಕದಿಂದ 30ರ ದಶಕಕ್ಕೆ ದಾಟುತ್ತದೆ.

ಒಳಗಿನದು ನನಗೆ ಎಲ್ಲಕ್ಕಿಂತ ಪ್ರಿಯವಾದ ಕೆಲಸ. ಪುಲ್‌ಮನ್‌ಗಳಲ್ಲಿ ಅತಿ ಸಾಮಾನ್ಯವಾಗಿದ್ದ ನಮೂನೆಯಲ್ಲಿ 12 ಸೆಕ್ಷನ್, ಒಂದು ಡ್ರಾಯಿಂಗ್ ರೂಮ್. ಸೆಕ್ಷನ್ ಎಂದರೆ ಹಗಲು ಎದುರುಬದುರು ಎರಡು ಸೀಟು. ರಾತ್ರಿ ಅವೇ ಕೂಡಿ ಕೆಳಗಿನ ಹಾಸಿಗೆ, ಮೇಲಿನದು ಸೂರಿನ ಮಗ್ಗುಲಿಂದ ಇಳಿಯುತ್ತದೆ. ನಮ್ಮ ಸೈಡ್ ಲೋಯರ್‌ನಲ್ಲಿ ಮಲಗಿ ಊರಿಗೆ ಹೋದವರಿಗೆ ಈ ಏರ್ಪಾಡು ತಟ್ಟನೆ ಹೊಳೆಯುತ್ತದೆ. ಸೀಟಿಗೆ ಬಣ್ಣ ಹಚ್ಚುತ್ತೇನೆ. ಕಿಟಕಿಗೆ ಕಾಗದದ ಪರದೆ ಕತ್ತರಿಸಿ ಒಂದನ್ನು ಅರ್ಧ, ಇನ್ನೊಂದನ್ನು ಪೂರ್ತಿ ಇಳಿಸುತ್ತೇನೆ.

ಬಾಗಿಲಲ್ಲಿ ಒಬ್ಬ ಪೋರ್ಟರ್ ನಿಲ್ಲಲೇಬೇಕು. ಆ ಹಾಸಿಗೆಗಳನ್ನು ಹಾಸಿ ಮಡಿಸಿದವರು ಬಹುಪಾಲು ಕಪ್ಪು ಜನ. ಎ. ಫಿಲಿಪ್ ರಾಂಡಾಲ್ಫ್ ಮುಂದಾಳುತನದಲ್ಲಿ 1925ರಲ್ಲಿ ಸಂಘ ಕಟ್ಟಿ, 1937ರಲ್ಲಿ ಪುಲ್‌ಮನ್ ಕಂಪನಿಯಿಂದ ಒಪ್ಪಂದ ಪಡೆದವರು. ಅವರಿಲ್ಲದ ಪುಲ್‌ಮನ್ ಬೋಗಿ ಎಷ್ಟೇ ನಾಜೂಕಾಗಿದ್ದರೂ ನನ್ನ ಮಟ್ಟಿಗೆ ಸುಳ್ಳು. ಎರಡು ಸೆಂಟಿಮೀಟರ್ ಎತ್ತರದ ಆ ಬೊಂಬೆಯ ಬಿಳಿ ಅಂಗಿಗೆ ನಾನು ಇಡೀ ಸಂಜೆ ಕೊಡುತ್ತೇನೆ.

ನಿಮಗೂ ಇಂಥ ಬೋಗಿಯೊಂದು ಸಿಕ್ಕರೆ ಚಕ್ರ, ಕೊಂಡಿ, ಒಳಗಿನ ಕೆಲಸ ಮೊದಲು ಮುಗಿಸಿ. ಹಿಡಿಕೆಗಳನ್ನು ಕೊನೆಗೆ ಕೂರಿಸಿ. ಬೆರಳು ತಾಗಿದರೆ ಮೊದಲು ಬಾಗುವುದು ಅವೇ.