ದೀಪಕ್ಕೆ ಮೊದಲ ಪಾಲು



ಜಯನಗರದ ನಮ್ಮ ಮನೆಗೆ ಟೆಲಿವಿಷನ್ ಮೊದಲು ಬಂದುದು 1983ರಲ್ಲಿ. ಬೆಂಗಳೂರಿನ ದೂರದರ್ಶನ ಕೇಂದ್ರವು 1981ರ ನವೆಂಬರ್ 1ರಂದು ಆರಂಭವಾಗಿ ಆಗಿನ್ನೂ ಎರಡು ವರ್ಷಗಳೂ ತುಂಬಿರಲಿಲ್ಲ. ಮರದ ಪೆಟ್ಟಿಗೆ, ಅದಕ್ಕೆ ಎಳೆದು ಮುಚ್ಚುವ ಬಾಗಿಲು, ಒಳಗೆ ಕಪ್ಪುಬಿಳುಪಿನ ಚಿತ್ರ. ಪಕ್ಕದಲ್ಲಿ ಸ್ಟೆಬಿಲೈಸರೆಂಬ ಇನ್ನೊಂದು ಪೆಟ್ಟಿಗೆ. ಸಂಜೆ ಬೀದಿಯ ಮನೆಗಳಲ್ಲೆಲ್ಲಾ ದೀಪ ಹತ್ತಿದೊಡನೆ ನಮ್ಮಲ್ಲಿ ವೋಲ್ಟೇಜು ಕುಸಿಯುತ್ತಿದ್ದಿತು. ಆಗ ಅದು ‘ಟಕ್’ ಎಂದು ಸದ್ದುಮಾಡಿ, ಕುಗ್ಗಿದುದನ್ನು ಎತ್ತಿ ಸರಿಪಡಿಸುತ್ತಿದ್ದಿತು. “ಟೀವಿಯು ಮಗು, ಇದು ಅದರ ದಾದಿ” ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. ದಾದಿಯಿಲ್ಲದೆ ಮಗುವನ್ನು ಎಬ್ಬಿಸಕೂಡದೆಂಬುದು ಮನೆಯ ಕಟ್ಟಳೆಯಾಗಿದ್ದಿತು. 1987ರಲ್ಲಿ ಭಾನುವಾರದ ರಾಮಾಯಣಕ್ಕೆ ನೆರೆಹೊರೆಯವರು ನಮ್ಮ ಹಜಾರದಲ್ಲಿ ಚಾಪೆ ಹಾಸಿಕೊಂಡು ಕುಳಿತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಕಾಲಕ್ರಮದಲ್ಲಿ ಆ ಪೆಟ್ಟಿಗೆಯು ಹೋಗಿ ಬಣ್ಣದ ಟೀವಿಯು ಬಂದಿತು. ತಂದೆಯವರು ತೀರಿಕೊಂಡ ತರುವಾಯ ಅದು ತಾಯಿಯವರಿಗೆ ಕೇವಲ ವಿನೋದದ ವಸ್ತುವಾಗಿ ಉಳಿಯಲಿಲ್ಲ, ಜೊತೆಗಾತಿಯೇ ಆಯಿತು. ಸಂಜೆಯ ವಾರ್ತೆ, ಅನಂತರ ಚಂದನದಲ್ಲಿ ನಾ. ಸೋಮೇಶ್ವರರ ‘ಥಟ್ ಅಂತ ಹೇಳಿ’. ಸ್ಪರ್ಧಿಗಳು ಯೋಚಿಸುತ್ತಿರುವಾಗಲೇ ತಾಯಿಯವರು ಉತ್ತರವನ್ನು ಹೇಳಿಬಿಟ್ಟು, ಅದು ಸರಿಯಾದರೆ ನನ್ನ ಕಡೆಗೆ ಒಮ್ಮೆ ನೋಡುತ್ತಿದ್ದರು. ಮಂಡಿನೋವಿನಿಂದ ಮನೆಯ ಗೇಟಿನವರೆಗೂ ನಡೆಯಲಾರದ ಎಂಬತ್ತು ದಾಟಿದ ಜೀವಕ್ಕೆ ಹೊರಗಿನ ಲೋಕವೆಂದರೆ ಅದೊಂದೇ ಕಿಟಕಿ. ವಿದ್ಯುತ್ತು ನಿಂತಾಗ ಆ ಕಿಟಕಿಯು ಮುಚ್ಚಬಾರದೆಂಬ ಪ್ರೀತಿಯಿಂದ ನಾನು ಟೀವಿಯನ್ನೂ ಮನೆಯ ಇನ್ವರ್ಟರಿಗೆ ಸೇರಿಸಿದೆನು. ಪ್ರೀತಿಯಿದ್ದಿತು, ಲೆಕ್ಕವಿರಲಿಲ್ಲ.

2016ರ ಬೇಸಿಗೆಯ ಒಂದು ಸಂಜೆ ಏಳು ಗಂಟೆಗೆ ಹೋದ ವಿದ್ಯುತ್ತು ಒಂಬತ್ತರ ಮೇಲೆ ಬಂದು, ಹತ್ತೂವರೆಗೆ ಮತ್ತೆ ಹೋಯಿತು. ಮೊದಲ ಬಾರಿ ಬರಿದಾದ ಬ್ಯಾಟರಿಯು ಆ ಅಲ್ಪಾವಕಾಶದಲ್ಲಿ ತುಂಬಿಕೊಂಡಿರಲಿಲ್ಲ. ನಾವು ಮಲಗಿದ ಮೇಲೆ ಯಾವಾಗಲೋ ಫ್ಯಾನು ನಿಂತಿತು. ನಡುಮನೆಯ ದೀಪವೂ ಆರಿತು. ತಾಯಿಯವರು ಬಚ್ಚಲಿಗೆಂದು ಎದ್ದವರು ಕತ್ತಲಲ್ಲಿ ಹೊಸ್ತಿಲನ್ನು ಎಡವಿ ಬಿದ್ದರು. ಮಣಿಕಟ್ಟಿನ ಮೂಳೆ ಮುರಿಯಿತು.

ಮರುದಿನ ಬಂದ ವಿದ್ಯುತ್ ಕೆಲಸದವನು ಬ್ಯಾಟರಿಯ ಮುಚ್ಚಳಗಳನ್ನು ಬಿಚ್ಚಿ, ಟಾರ್ಚು ಹಿಡಿದು, “ನೀರು ಹಾಕಿ ಎಷ್ಟು ದಿನವಾಯಿತಮ್ಮಾ?” ಎಂದು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ಸೀಸದ ಫಲಕಗಳು ನೀರಿನ ಮಟ್ಟದಿಂದ ಮೇಲೆ ಒಣಗಿ ನಿಂತಿದ್ದವು. ಹಾಗೆ ಒಣಗಿದ ಭಾಗವು ವಿದ್ಯುತ್ತನ್ನು ಹಿಡಿದಿಡುವ ಶಕ್ತಿಯನ್ನು ಕಳೆದುಕೊಳ್ಳುವುದು. ತಪ್ಪು ನನ್ನದೇ. ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಕಲಕಿದುದು ಬೇರೊಂದು ಮಾತು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ತಾಯಿಯವರು, “ನಾನು ಟೀವಿ ನೋಡಿದ್ದರಿಂದಲ್ಲವೇ ಹೀಗಾದದ್ದು? ಇನ್ನು ಕರೆಂಟು ಹೋದಾಗ ಹಾಕಬೇಡಮ್ಮ” ಎಂದರು. ಅನಂತರ ವಿದ್ಯುತ್ತು ನಿಂತಾಗಲೆಲ್ಲಾ, ಆರಿದ ಪರದೆಯ ಎದುರಿಗೆ ಸುಮ್ಮನೆ ಕುಳಿತಿರುತ್ತಿದ್ದರು. ನನ್ನ ಅಜಾಗರೂಕತೆಯ ದಂಡವನ್ನು ಅವರು ತೆರುತ್ತಿದ್ದರು.

ಕಡೆಗೆ ಒಂದು ರಾತ್ರಿ, ವಿಜ್ಞಾನದ ತರಗತಿಯಲ್ಲಿ ಕಲಿತುದನ್ನು ನೆನೆದು, ಕಾಗದ ಪೆನ್ಸಿಲು ಹಿಡಿದು ಕುಳಿತೆನು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಬರುವುದೆಂಬುದನ್ನು ನಾವೆಲ್ಲರೂ ಕಂಠಪಾಠ ಮಾಡಿದವರೇ. ಅದನ್ನು ನಮ್ಮ ಅಡಿಗೆಮನೆಯ ಲೆಕ್ಕದಂತೆ ಬಳಸಿದವರೆಷ್ಟು ಮಂದಿ? ನಮ್ಮ ಬ್ಯಾಟರಿಯು 12 ವೋಲ್ಟಿನದು, 150 ಆಂಪಿಯರ್-ಗಂಟೆಯದು. ಹೊಸದಾಗಿದ್ದರೆ 1800 ವ್ಯಾಟ್-ಗಂಟೆಯ ದಾಸ್ತಾನು. ಆದರೆ ಸೀಸದ ಬ್ಯಾಟರಿಯು ಬಹುಕಾಲ ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ತೆಗೆಯಬಾರದು, ಉಳಿದುದು 900. ಇನ್ವರ್ಟರು ಬ್ಯಾಟರಿಯ ನೇರ ವಿದ್ಯುತ್ತನ್ನು 230 ವೋಲ್ಟಿನ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸುವಾಗ ನೂರಕ್ಕೆ ಹದಿನೈದರಷ್ಟು ನಷ್ಟವೆಂದು ಹಿಡಿದೆನು. ಕೈಗೆ ದಕ್ಕುವುದು 765. ಹಳೆಯ ಟೀವಿಯೂ ಅದರ ಸೆಟ್‌ಟಾಪ್ ಪೆಟ್ಟಿಗೆಯೂ 115 ವ್ಯಾಟ್, ಫ್ಯಾನು 75, ಟ್ಯೂಬ್‌ಲೈಟು 40, ಒಟ್ಟು 230. ಹೊಸ ಬ್ಯಾಟರಿಯಾಗಿದ್ದರೂ ಮೂರು ಗಂಟೆಗಳಿಗೆ ಸ್ವಲ್ಪ ಹೆಚ್ಚು, ಅಷ್ಟೇ! ಅದರಲ್ಲಿ ಅರ್ಧಭಾಗವನ್ನು ಟೀವಿಯೊಂದೇ ಉಣ್ಣುತ್ತಿದ್ದಿತು.

ಈ ಲೆಕ್ಕವನ್ನು ನನ್ನ ಸೋದರಮಾವನ ಮಗನಿಗೆ ತೋರಿಸಿದೆನು. ಆತನು ಹಡಗುಗಳಲ್ಲಿ ವಿದ್ಯುತ್ತಿನ ಕೆಲಸ ಮಾಡಿ ನಿವೃತ್ತನಾದವನು. ಪಶ್ಚಿಮದೇಶಗಳಲ್ಲಿ ಸಣ್ಣ ದೋಣಿಯಲ್ಲೇ ಸಂಸಾರ ಹೂಡಿ ವಾರಗಟ್ಟಲೆ ನೀರಿನ ಮೇಲೆ ತಿರುಗುವವರುಂಟೆಂದೂ, ದಡದ ತಂತಿಯಿಲ್ಲದ ಅವರಿಗೆ ಬ್ಯಾಟರಿಯೇ ಗತಿಯೆಂದೂ ಆತನು ಹೇಳಿದನು. ಅಂಥವರು ಎಂಜಿನ್ನನ್ನು ಹೊರಡಿಸುವ ಬ್ಯಾಟರಿಯನ್ನು ಎಂದಿಗೂ ಟೀವಿಗೆ ಕೊಡುವುದಿಲ್ಲ. ಅದಕ್ಕೆ ಬೇರೆಯದನ್ನು ಇಡುವರು. ರಾತ್ರಿಯೆಲ್ಲಾ ಚಿತ್ರ ನೋಡಿದವನಿಗೆ ಬೆಳಿಗ್ಗೆ ದಡ ಸೇರಲು ದಾರಿಯಿಲ್ಲದಂತಾಗಬಾರದಷ್ಟೆ. “ವಿದ್ಯುತ್ತು ಹೋದ ಮನೆಯೂ ಒಂದು ದೋಣಿಯೇ. ಯಾವುದು ಆರಿದರೆ ಅಪಾಯವೋ ಅದನ್ನು ಬೇರೆಯಿಡು” ಎಂದನು.

ಅದರಂತೆಯೇ ಮಾಡಿದೆವು. ದೊಡ್ಡ ಬ್ಯಾಟರಿಯನ್ನು ಬದಲಾಯಿಸಿ, ದೀಪ ಫ್ಯಾನುಗಳಿಗೆ ಮಾತ್ರ ಮೀಸಲಿಟ್ಟೆವು. ಟ್ಯೂಬ್‌ಲೈಟಿಗೆ ಬದಲಾಗಿ 9 ವ್ಯಾಟಿನ ಎಲ್‌ಇಡಿ ದೀಪಗಳು ಬಂದವು. ಹಳೆಯ ಟೀವಿಯ ಸ್ಥಳಕ್ಕೆ 24 ಅಂಗುಲದ ಎಲ್‌ಇಡಿ ಟೀವಿ. ಅದಕ್ಕೆ ಬೇಕಾದುದು ಸುಮಾರು 25 ವ್ಯಾಟ್ ಮಾತ್ರ. ಕೊಳ್ಳುವಾಗ ಹಿಂಬದಿಯ ಚೀಟಿಯನ್ನು ಓದಿ, 12 ವೋಲ್ಟಿನ ಅಡಾಪ್ಟರಿನಿಂದ ನಡೆಯುವುದನ್ನೇ ಆರಿಸಿದೆನು. ಅಂಥದನ್ನು ಇನ್ವರ್ಟರಿನ ಸುತ್ತುಬಳಸಿನ ದಾರಿಯಿಲ್ಲದೆ ಬ್ಯಾಟರಿಯಿಂದಲೇ ನಡೆಸಬಹುದು. ಆದರೆ 12 ವೋಲ್ಟಿನ ಬ್ಯಾಟರಿಯು ಯಾವಾಗಲೂ 12ರಲ್ಲೇ ನಿಲ್ಲುವುದಿಲ್ಲ; ತುಂಬಿಕೊಳ್ಳುವಾಗ 14ರ ಆಸುಪಾಸಿಗೆ ಏರುವುದು, ಬರಿದಾದಾಗ 12ಕ್ಕಿಂತ ಇಳಿಯುವುದು. ಆದುದರಿಂದ ನಡುವೆ ಸ್ಥಿರವಾದ 12 ವೋಲ್ಟನ್ನು ಕೊಡುವ ಕನ್ವರ್ಟರನ್ನು ಎಸ್.ಪಿ. ರಸ್ತೆಯಿಂದ ತರಿಸಿದೆವು, ಬ್ಯಾಟರಿಯ ಧನಾಗ್ರದ ಹತ್ತಿರವೇ ಫ್ಯೂಸನ್ನೂ ಹಾಕಿಸಿದೆವು. ಟೀವಿಗೆಂದೇ ಮೊಹರಾದ 42 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿ, ಅದಕ್ಕೆ ತಕ್ಕ ಚಾರ್ಜರು. ಸೆಟ್‌ಟಾಪ್ ಪೆಟ್ಟಿಗೆಯ 12 ವ್ಯಾಟ್ ಸೇರಿಸಿದರೂ, ಅರ್ಧ ದಾಸ್ತಾನಿನಲ್ಲಿ ಸುಮಾರು ಆರು ಗಂಟೆ ನಡೆಯುವುದು. ನಮ್ಮ ಕನ್ವರ್ಟರು ತನ್ನ ದಾದಿಯ ಹೊಸ ಅವತಾರವೆಂದು ತಂದೆಯವರು ನಗುತ್ತಿದ್ದರೇನೋ!

ಎಲ್ಲವೂ ಸಿದ್ಧವಾದ ಮೇಲೂ ತಾಯಿಯವರು ಒಪ್ಪಲಿಲ್ಲ. ಒಂದು ಸಂಜೆ ವಿದ್ಯುತ್ತು ಹೋದಾಗ ಅವರನ್ನು ಕೈಹಿಡಿದು ಕರೆದೊಯ್ದು ಎರಡು ಬ್ಯಾಟರಿಗಳನ್ನೂ ತೋರಿಸಿದೆನು. “ಇದು ದೀಪದ್ದು, ಇದು ನಿಮ್ಮದು. ನಿಮ್ಮದು ಪೂರ್ತಿ ಮುಗಿದರೂ ದೀಪದ್ದಕ್ಕೆ ಏನೂ ಆಗುವುದಿಲ್ಲ” ಎಂದೆನು. ಅವರು ಸ್ವಲ್ಪ ಹೊತ್ತು ನೋಡಿ, “ನಡುಮನೆಯ ದೀಪ ಹಾಕಿದ್ದೀಯಾ?” ಎಂದು ಕೇಳಿದರು. ಹಾಕಿದ್ದೇನೆಂದೆನು. ಬಂದು ಕುರ್ಚಿಯಲ್ಲಿ ಕುಳಿತು, “ಹಾಗಾದರೆ ಹಾಕು, ಸೋಮೇಶ್ವರರು ಬರುವ ಹೊತ್ತಾಯಿತು” ಎಂದರು.

ಸೋದರಿಯರೇ, ನಿಮ್ಮ ಮನೆಗಳಲ್ಲಿಯೂ ವೃದ್ಧರಿರಬಹುದು, ಇನ್ವರ್ಟರೂ ಇರಬಹುದು. ಹೊಸ ಟೀವಿಯನ್ನು ತರುವ ಮೊದಲು ದಯವಿಟ್ಟು ಬ್ಯಾಟರಿಯ ನೀರನ್ನು ನೋಡಿರಿ. ಮೊದಲ ಪಾಲು ದೀಪಕ್ಕೆಂದು ಎತ್ತಿಡಿರಿ. ನಾನು ಈಗ ತಿಂಗಳ ಮೊದಲ ಭಾನುವಾರ ಡಿಸ್ಟಿಲ್ಡ್ ವಾಟರಿನ ಡಬ್ಬಿಯನ್ನು ಹಿಡಿದು ದೊಡ್ಡ ಬ್ಯಾಟರಿಯ ಮುಂದೆ ಕೂರುತ್ತೇನೆ. ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡುವವರು ತಾಯಿಯವರು.